ಹೊಳೆಯಬಾರದ ಉಕ್ಕು

ನಾಗಸಂದ್ರ

ಉಕ್ಕನ್ನು ಮುರಿದು ನೋಡುವುದು ನನ್ನ ಕೆಲಸ. ಸಂಜಯನಗರದ ನಮ್ಮ ಬೀದಿಯಲ್ಲಿ ಯಾರಿಗಾದರೂ ಹೀಗೆಂದರೆ ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ನಾಗಸಂದ್ರದಲ್ಲಿ ಮೆಟ್ರೊ ಇಳಿದು ಒಳರಸ್ತೆಯಲ್ಲಿ ಸ್ವಲ್ಪ ನಡೆದರೆ ನಮ್ಮ ಲ್ಯಾಬು ಸಿಗುತ್ತದೆ. ಸುತ್ತಲಿನ ವರ್ಕ್‌ಶಾಪುಗಳವರು ತಾವು ಮಾಡಿದ ಬೋಲ್ಟು, ಸರಳು, ಗೇರುಗಳಿಂದ ಒಂದೊಂದು ತುಂಡು ಕತ್ತರಿಸಿ ತರುತ್ತಾರೆ. ನಾವು ಅದನ್ನು ಎಳೆಯುತ್ತೇವೆ, ಒತ್ತುತ್ತೇವೆ, ಬಗ್ಗಿಸುತ್ತೇವೆ, ಎಷ್ಟಕ್ಕೆ ಸೋತಿತು ಎಂದು ಬರೆದುಕೊಡುತ್ತೇವೆ. ಎಳೆಯುವ ಯಂತ್ರದಲ್ಲಿ ಸರಳು ಬಹಳ ಹೊತ್ತು ಏನೂ ಆಗದಂತೆ ಸುಮ್ಮನಿರುತ್ತದೆ. ಆಮೇಲೆ ನಡುವೆ ಎಲ್ಲೋ ಸಣ್ಣಗೆ ಒಂದು ಸೊಂಟ ಮೂಡುತ್ತದೆ. ಆ ಸೊಂಟ ಮೂಡುವ ಹೊತ್ತಿಗೆ ನನ್ನ ಮನಸ್ಸು ಎಲ್ಲಿಗೋ ತೇಲಿಹೋಗಿರುತ್ತದೆ, ಠಳ್ಳೆಂದು ತುಂಡಾದಾಗಲೇ ವಾಪಸು ಬರುವುದು. ಮೇಡಂ ನಿಂತಲ್ಲೇ ನಿದ್ದೆ ಹೊಡೀತಾರೆ ಎಂದು ಲ್ಯಾಬಿನವರು ಹೇಳಿಕೊಂಡು ನಗುವುದು ನನಗೆ ಗೊತ್ತಿದೆ.

ನನ್ನನ್ನು ಫಿನ್‌ಲೆಂಡಿಗೆ ಕರೆದುಕೊಂಡು ಹೋದವರು ಮುನಿರಾಜಣ್ಣ. ಬ್ಯಾಟರಾಯನಪುರದ ಹಳೆಯ ಒಕ್ಕಲು ಮನೆತನ. ಅವರ ಹೊಲಗಳ ಮೇಲೆಲ್ಲ ಈಗ ಅವರಣ್ಣ ಕೆಂಪಣ್ಣನವರು ಕಟ್ಟಿಸಿದ ಫ್ಲ್ಯಾಟುಗಳಿವೆ. ಉಳಿದಿರುವುದು ಹಿಂದೆ ರಾಗಿ ಬಡಿಯುತ್ತಿದ್ದ ಕಣ ಒಂದೇ. ಅಲ್ಲಿ ಮುನಿರಾಜಣ್ಣ ಒಂದು ಶೆಡ್ಡು ಹಾಕಿ, ಕುಲುಮೆ ಇಟ್ಟು, ಕಾಯಿಸಿದ ಉಕ್ಕನ್ನು ಯಂತ್ರದ ಸುತ್ತಿಗೆಯಲ್ಲಿ ಬಡಿದು ರೂಪ ಕೊಡುತ್ತಾರೆ. ಸುತ್ತಿಗೆ ಬಿದ್ದಾಗಲೆಲ್ಲ ಅಣ್ಣನ ಫ್ಲ್ಯಾಟುಗಳ ಕಿಟಕಿ ಗಾಜು ನಡುಗುತ್ತದೆ. ಫ್ಲ್ಯಾಟಿನವರು ಕೆಂಪಣ್ಣನವರಿಗೆ ದೂರು ಕೊಡುತ್ತಾರೆ, ಕೆಂಪಣ್ಣನವರು ತಮ್ಮನ ಹತ್ತಿರ ಮುಖ ಊದಿಸಿಕೊಳ್ಳುತ್ತಾರೆ.

ಈ ಗುದ್ದಾಟದ ನಡುವೆ ಫಿನ್‌ಲೆಂಡಿನ ದೋಣಿಗಳಿಗೆ ಪಿನ್ನು ಮಾಡಿಕೊಡುವ ಕೆಲಸ ಬಂತು. ಅಲ್ಲಿನ ದ್ವೀಪಗಳಿಗೆ ಕಾರು, ಬಸ್ಸು ಸಾಗಿಸುವ ದೊಡ್ಡ ದೋಣಿಗಳಿವೆ. ದಡ ಮುಟ್ಟಿದಾಗ ದೋಣಿಯ ಮುಂಭಾಗದ ಭಾರಿ ಹಲಗೆ ಕೆಳಗಿಳಿದು ಸೇತುವೆಯಾಗುತ್ತದೆ. ಆ ಹಲಗೆಯ ಕೀಲಿನಲ್ಲಿ ಕೂರುವ ಪಿನ್ನುಗಳು ಇವು. ಪಿನ್ನುಗಳೆಲ್ಲ ತಯಾರಾದವು. ಕೊಳ್ಳುವವರು ಮಾತ್ರ ಒಂದು ಷರತ್ತು ಹಾಕಿದರು: ಅದೇ ಉಕ್ಕಿನ ಮಾದರಿ ತುಂಡುಗಳನ್ನು ನಮ್ಮೂರಿನ ಲ್ಯಾಬಿನಲ್ಲಿ, ನಮ್ಮ ಚಳಿಯ ಲೆಕ್ಕದಲ್ಲಿ, ನಿಮ್ಮೆದುರೇ ಮುರಿದು ನೋಡುತ್ತೇವೆ. ಕೆಂಪಣ್ಣನವರೂ ಒಂದು ಷರತ್ತು ಹಾಕಿದರು. ಅವರು ಒಪ್ಪಿದರೆ ಶೆಡ್ಡು ನಿನ್ನದು, ನಾನಿನ್ನು ಸೊಲ್ಲೆತ್ತುವುದಿಲ್ಲ. ಒಪ್ಪದಿದ್ದರೆ ಕಣವನ್ನೂ ಬಿಟ್ಟುಕೊಡು. ಮುನಿರಾಜಣ್ಣ ಎರಡಕ್ಕೂ ತಲೆಯಾಡಿಸಿ, ಪರೀಕ್ಷೆ ತಿಳಿದವರು ಜೊತೆಗಿರಲಿ ಎಂದು ನನ್ನನ್ನು ಹೊರಡಿಸಿದರು.

ಮಾದರಿ ತುಂಡುಗಳನ್ನು ನಾನೇ ಲ್ಯಾಬಿನಲ್ಲಿ ಅಳೆದು, ಎಣ್ಣೆ ಸವರಿ ಡಬ್ಬಿಗೆ ಹಾಕಿದ್ದೆ. ಹೊರಡುವ ಹಿಂದಿನ ದಿನ ಮುನಿರಾಜಣ್ಣ ಬಂದು, ಮನೆಯಲ್ಲಿ ಪೂಜೆಗೆ ಇಡಬೇಕು ಎಂದು ಡಬ್ಬಿ ತೆಗೆದುಕೊಂಡು ಹೋದರು. ಪೂಜೆ ಬೇಡ ಎನ್ನುವ ಧೈರ್ಯ ನಮ್ಮ ಕಡೆ ಯಾರಿಗಿದೆ? ನಾನು ಸುಮ್ಮನೆ ಕೊಟ್ಟು ಕಳಿಸಿದೆ.

ದೇವನಹಳ್ಳಿ

ವಿಮಾನ ನಿಲ್ದಾಣದ ಬಾಗಿಲಲ್ಲೇ ತೂಗಿ ನೋಡಿದಾಗ ಮುನಿರಾಜಣ್ಣನ ಸೂಟ್‌ಕೇಸು ತೂಕ ಮೀರಿತು. ಮೇಲಿದ್ದ ಅವರೆಬೇಳೆ ಮಿಕ್ಸ್ಚರಿನ ಪೊಟ್ಟಣಗಳನ್ನು ತೆಗೆದರು, ಆದರೂ ಹೆಚ್ಚು. ರಾಗಿ ಹಿಟ್ಟು ತೆಗೆದರು, ಆದರೂ ಹೆಚ್ಚು. ಉಪ್ಪಿನಕಾಯಿ ಜಾಡಿ ತೆಗೆದಾಗ ಬೀಳ್ಕೊಡಲು ಬಂದಿದ್ದ ಅವರ ಹೆಂಡತಿಯ ಮುಖ ಸಣ್ಣಗಾಯಿತು. ಅಂಥದ್ದೇನಿದೆ ಒಳಗೆ ಎಂದು ಕೇಳಿದೆ. ಚಳಿ ದೇಶ ಅಲ್ವಾ ಮೇಡಂ, ಬಟ್ಟೆ ಎಂದರು. ಅಷ್ಟು ಭಾರದ ಬಟ್ಟೆಯನ್ನು ನಾನು ಈವರೆಗೆ ಕಂಡಿರಲಿಲ್ಲ, ಆದರೆ ಕೆದಕುವುದಕ್ಕೆ ಹೋಗಲಿಲ್ಲ.

ತಪಾಸಣೆಯಲ್ಲಿ ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ನಾನು ಈ ಕಡೆ ಕೈ ಅಗಲಿಸಿ ನಿಂತಿದ್ದಾಗ ಆ ಕಡೆ ಮುನಿರಾಜಣ್ಣನ ಚೀಲದಿಂದ ಡಬ್ಬಿ ಹೊರಬಂತು. ಅಧಿಕಾರಿ ಒಂದು ತುಂಡನ್ನು ಎತ್ತಿ ಹಿಡಿದು ಏನೋ ಕೇಳಿದ. ದೂರದಿಂದ ಅದು ಫಳ್ಳೆಂದು ಮಿಂಚಿತು. ಮೇಲಿನ ದೀಪದ ಬೆಳಕಿರಬೇಕು ಅಂದುಕೊಂಡೆ. ಏನು ಕೇಳಿದ ಅಂತ ಆಮೇಲೆ ಮುನಿರಾಜಣ್ಣನೇ ಹೇಳಿದರು. ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದನಂತೆ. ಫಿನ್‌ಲೆಂಡಿಗೆ ಎಂದರಂತೆ. ಅಲ್ಲಿ ಏನು ಮಾಡುತ್ತೀರಿ ಎಂದದ್ದಕ್ಕೆ, ಮುರೀತೀವಿ ಎಂದರಂತೆ. ಅವನು ತುಂಡನ್ನೂ ಇವರನ್ನೂ ಒಂದು ಸಲ ನೋಡಿ ಬಿಟ್ಟುಬಿಟ್ಟನಂತೆ.

ತುರ್ಕು

ತುರ್ಕು ಫಿನ್‌ಲೆಂಡಿನ ಸಮುದ್ರದಂಚಿನ ಊರು. ನಾವು ಇಳಿದಾಗ ಮಧ್ಯಾಹ್ನ. ಆದರೆ ಆ ಮಧ್ಯಾಹ್ನಕ್ಕೆ ನಮ್ಮ ಸಂಜೆದೀಪದ ಹೊತ್ತಿನ ಬಣ್ಣ. ಜನವರಿಯ ಸೂರ್ಯ ಅಲ್ಲಿ ಆಕಾಶವನ್ನು ಏರುವುದೇ ಇಲ್ಲ, ಮನೆಗಳ ಹಿಂದೆ ನಾಚಿಕೊಂಡು ಅಂಚಿನಲ್ಲೇ ನಡೆದು ಮುಳುಗಿಬಿಡುತ್ತಾನೆ. ಹಿಮದ ಮೇಲೆ ನೀಲಿ ಬೆಳಕು ಬಿದ್ದು, ನಾನು ಇನ್ನೂ ಪೂರ್ತಿ ಎಚ್ಚರವಾಗಿಲ್ಲವೇನೋ ಎಂಬಂತೆ ಇಡೀ ಊರು ಕಂಡಿತು. ನನ್ನಂಥವಳಿಗೆ ಹೇಳಿ ಮಾಡಿಸಿದ ಊರು. ಇಲ್ಲಿ ಎಲ್ಲರೂ ನಿಂತಲ್ಲೇ ಕನಸು ಕಾಣುತ್ತಿದ್ದಾರೆ ಅನ್ನಿಸಿತು.

ಬಸ್ ನಿಲ್ದಾಣದಲ್ಲಿ ಜನ ಒಬ್ಬರಿಂದೊಬ್ಬರು ಮಾರು ದೂರ ನಿಲ್ಲುತ್ತಾರೆ. ಯಶವಂತಪುರದಲ್ಲಿ ಅಷ್ಟು ಜಾಗದೊಳಗೆ ಒಂದು ಸಂಸಾರ, ಅವರ ಸಾಮಾನು, ಒಬ್ಬ ಸೊಪ್ಪಿನವಳು ಸುಖವಾಗಿ ನಿಲ್ಲಬಹುದು. ಮುನಿರಾಜಣ್ಣ ಅಭ್ಯಾಸಬಲದಿಂದ ಒಬ್ಬ ಮುದುಕರ ಪಕ್ಕಕ್ಕೇ ಹೋಗಿ ನಿಂತರು. ಮುದುಕರು ಎರಡು ಹೆಜ್ಜೆ ಸರಿದರು. ಇವರೂ ಸರಿದರು. ಬಸ್ಸು ಬರುವ ಹೊತ್ತಿಗೆ ಇಬ್ಬರೂ ನಿಲ್ದಾಣದ ಹೊರಗೆ ಹಿಮದಲ್ಲಿ ನಿಂತಿದ್ದರು.

ನಾವು ಉಳಿದುಕೊಂಡ ಮನೆಯವರು ಕಾಫಿಯ ಜೊತೆ ಸುರುಳಿ ಸುತ್ತಿದ ಬನ್ನು ಕೊಟ್ಟರು. ಒಂದು ತುತ್ತು ಬಾಯಿಗಿಟ್ಟದ್ದೇ ತಡ, ನಾನು ಆರ್.ಟಿ. ನಗರದ ನಮ್ಮಮ್ಮನ ಅಡುಗೆಮನೆಯಲ್ಲಿದ್ದೆ. ಏಲಕ್ಕಿ. ಈ ಹಿಮದ ಊರಿನ ಬನ್ನಿನೊಳಗೆ ನಮ್ಮ ಪಾಯಸದ ಏಲಕ್ಕಿ ಯಾವ ದಾರಿ ಹಿಡಿದು ಬಂತೋ. ನನ್ನ ಕಣ್ಣು ತುಂಬಿದ್ದು ನೋಡಿ ಮನೆಯೊಡತಿ ಇನ್ನೊಂದು ಬನ್ನು ತಟ್ಟೆಗೆ ಹಾಕಿದರು.

ಅವತ್ತು ಕೆಂಪಣ್ಣನವರ ಫೋನು ಬಂತು. ಮುನಿರಾಜಣ್ಣ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವವರು. ಆ ಕಡೆಯಿಂದ ಒಂದೇ ಪ್ರಶ್ನೆ:

“ಏನ್ಲಾ ರಾಜ, ಮುರೀತಾ?”

“ಇನ್ನಾ ಇಲ್ಲ ಅಣ್ಣಾ.”

ಮುರಿಯುವುದು ತಪ್ಪೇನಲ್ಲ, ಆ ಪರೀಕ್ಷೆಯಲ್ಲಿ ತುಂಡುಗಳು ಸಾಮಾನ್ಯವಾಗಿ ಮುರಿದೇ ಮುರಿಯುತ್ತವೆ, ಎಷ್ಟು ಹೊಡೆತ ತಿಂದು ಮುರಿಯಿತು, ಹೇಗೆ ಮುರಿಯಿತು ಎನ್ನುವುದೇ ಮುಖ್ಯ ಎಂದು ನಾನು ಫೋನಿನ ಹತ್ತಿರ ಬಾಯಿಟ್ಟು ವಿವರಿಸಿದೆ. ಕೆಂಪಣ್ಣನವರು ತಾಳ್ಮೆಯಿಂದ ಕೇಳಿಸಿಕೊಂಡು, ಸರಿ ಬಿಡಮ್ಮ, ಮುರಿದರೆ ಹೇಳಿ ಎಂದು ಇಟ್ಟರು.

ಲ್ಯಾಬು

ಲ್ಯಾಬಿನ ಮುಖ್ಯಸ್ಥೆ ಹೆಲ್ಮಿ ಎಂಬ ಎತ್ತರದ ಹೆಂಗಸು. ಹಣೆಯ ಮೇಲೆ ಕನ್ನಡಕ, ಕಾಲಲ್ಲಿ ಉಣ್ಣೆಯ ಕಾಲುಚೀಲ. ಬಾಗಿಲಲ್ಲೇ ಬೂಟು ಬಿಚ್ಚಿಸಿದರು. ಯಂತ್ರಗಳ ಮನೆಗೆ ಹೋಗಲು ಬೇರೆ ಗಟ್ಟಿ ಚಪ್ಪಲಿ ಕೊಟ್ಟರು. ಹೊಸಿಲಲ್ಲಿ ಚಪ್ಪಲಿ ಬಿಡುವ ದೇಶ ಎಂದು ಮುನಿರಾಜಣ್ಣನಿಗೆ ತಕ್ಷಣ ಗೌರವ ಹುಟ್ಟಿತು.

ಹೆಲ್ಮಿಯದು ಒಂದು ವಿಚಿತ್ರ ಅಭ್ಯಾಸ. ಹೌದು ಎನ್ನುವಾಗ ಉಸಿರನ್ನು ಹೊರಗೆ ಬಿಡುವ ಬದಲು ಒಳಗೆ ಎಳೆದುಕೊಳ್ಳುತ್ತಿದ್ದರು. “ಯೋ” ಎಂಬ ಮಾತು ಗಂಟಲಿನೊಳಕ್ಕೆ ಜಾರಿಹೋಗುತ್ತಿತ್ತು. ಮೊದಲ ಸಲ ಕೇಳಿದಾಗ ಮುನಿರಾಜಣ್ಣ ಗಾಬರಿಯಾಗಿ ಪಕ್ಕದಲ್ಲಿದ್ದ ನೀರಿನ ಲೋಟ ಮುಂದೆ ಮಾಡಿದರು. ಹೆಲ್ಮಿ ಅದನ್ನು ಕುಡಿದರು. ಆ ಊರಿನಲ್ಲಿ ಬಹಳ ಜನ ಹೀಗೇ ಒಪ್ಪುತ್ತಾರೆ ಎಂದು ಆಮೇಲೆ ತಿಳಿಯಿತು. ಒಪ್ಪಿಗೆಯನ್ನು ನುಂಗಿಕೊಳ್ಳುವುದು ನನಗೇಕೋ ಇಷ್ಟವಾಯಿತು.

ಡಬ್ಬಿ ತೆರೆದರು. ನಾನು ಬಗ್ಗಿ ನೋಡಿದೆ.

ತುಂಡುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಒಂದೊಂದರ ಕೊನೆಯಲ್ಲೂ ಪುಟ್ಟದಾಗಿ ಕುಂಕುಮ. ನಾನು ಸವರಿದ್ದ ಎಣ್ಣೆಯ ಸುಳಿವೇ ಇರಲಿಲ್ಲ.

ಈ ಪರೀಕ್ಷೆಯ ಜೀವ ಇರುವುದು ತುಂಡಿನ ನಡುವೆ ಕೊರೆದ ಸಣ್ಣ ಕಚ್ಚಿನಲ್ಲಿ. ಬಟ್ಟೆ ಹರಿಯುವ ಮುಂಚೆ ಅಂಚಿಗೆ ಕತ್ತರಿ ತಾಗಿಸುತ್ತೇವಲ್ಲ, ಹಾಗೆ. ತುಂಡನ್ನು ಚೆನ್ನಾಗಿ ತಣ್ಣಗೆ ಮಾಡಿದ ಮೇಲೆ, ಕಚ್ಚಿನ ಹಿಂಬದಿಗೆ ಭಾರಿ ಲೋಲಕವೊಂದು ಬಂದು ಬಡಿಯುತ್ತದೆ. ಕಚ್ಚು ಚೂಪಾಗಿದ್ದರೆ ಮಾತ್ರ ಉಕ್ಕಿನ ನಿಜ ಹೊರಬೀಳುತ್ತದೆ. ಅದರ ತಳ ಸವೆದು ದುಂಡಗಾದರೆ ಬಡ ಉಕ್ಕೂ ಗಟ್ಟಿಯಂತೆ ತೋರುತ್ತದೆ.

ಹೆಲ್ಮಿ ಒಂದು ತುಂಡಿನ ನೆರಳನ್ನು ದೊಡ್ಡದು ಮಾಡಿ ಗಾಜಿನ ಪರದೆಯ ಮೇಲೆ ಬೀಳಿಸಿದರು. ಕಣಿವೆಯ ಹಾಗೆ ಚೂಪಾಗಿರಬೇಕಾದ ಕಚ್ಚಿನ ತಳ ತೊಟ್ಟಿಲಿನ ಹಾಗೆ ದುಂಡಗಿತ್ತು. ಎರಡನೆಯದೂ ಹಾಗೆಯೇ, ಎಲ್ಲವೂ ಹಾಗೆಯೇ. ಅವರು ಪರದೆಯ ದೀಪ ಆರಿಸಿದರು.

ನಾನು ಮುನಿರಾಜಣ್ಣನ ಕಡೆ ತಿರುಗಿದೆ. ಶೆಡ್ಡಿನಿಂದ ಹೊರಬೀಳುವ ಯಾವ ಸಾಮಾನನ್ನೂ ಅವರು ಬಫ್ ಹೊಡೆಯದೆ ಕಳಿಸುವುದಿಲ್ಲ. ತಿರುಗುವ ಬಟ್ಟೆಚಕ್ರಕ್ಕೆ ಕೊಟ್ಟು ಹೊಳಪು ಬರಿಸುವುದು ಅವರ ಕೊನೆಯ ಕೆಲಸ. ಟ್ರ್ಯಾಕ್ಟರಿನ ಕೊಕ್ಕೆಗೂ ಅದೇ ಉಪಚಾರ. ಇದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ಪೂಜೆಯ ಹೆಸರಿನಲ್ಲಿ ಡಬ್ಬಿ ಅವರ ಕೈಗೆ ಹೋದಾಗ ಹೊಳೆದಿರಲಿಲ್ಲ.

“ಎಣ್ಣೆ ಮೆತ್ಕೊಂಡು ಮಂಕಾಗಿದ್ವು ಮೇಡಂ,” ಎಂದರು ಮುನಿರಾಜಣ್ಣ, ಸಣ್ಣ ದನಿಯಲ್ಲಿ. “ಪರದೇಶದೋರ ಮುಂದೆ ಅಂಗೇ ಇಡಕಾಯ್ತದಾ? ನಾನೇ ಕುಂತು ಒಂದೊಂದ್ನೂ ಬಫ್ ಒಡ್ದೆ.”

ಬೈಯಲು ಬಾಯಿ ಬರಲಿಲ್ಲ. ಮಗಳನ್ನು ನೋಡಲು ಬರುವವರ ಮುಂದೆ ಕೂರಿಸುವ ಹಾಗೆ ಆ ತುಂಡುಗಳನ್ನು ಸಿಂಗರಿಸಿ ತಂದಿದ್ದರು. ಹೆಲ್ಮಿ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು: ಇವನ್ನು ಮುರಿಯುವುದರಲ್ಲಿ ಅರ್ಥವಿಲ್ಲ, ಬೇರೆ ಮಾದರಿ ಬೇಕು. ದೋಣಿಗಳ ದುರಸ್ತಿಗೆ ದಿನ ಗೊತ್ತಾಗಿದೆ. ನೀವು ಊರಿಗೆ ಹೋಗಿ ಹೊಸದು ಕಳಿಸುವವರೆಗೆ ದೋಣಿಯವರು ಕಾಯಲಾರರು, ಬೇರೆಯವರ ಪಿನ್ನು ತೆಗೆದುಕೊಳ್ಳುತ್ತಾರೆ. ಇದನ್ನು ನಾನು ಕನ್ನಡದಲ್ಲಿ ಹೇಳಬೇಕಾಯಿತು. ಮುನಿರಾಜಣ್ಣನ ಜೇಬಿನಲ್ಲಿದ್ದ ಫೋನು ಅದೇ ಹೊತ್ತಿಗೆ ಬಡಿದುಕೊಳ್ಳತೊಡಗಿತು. ಕೆಂಪಣ್ಣನವರು. ಮುನಿರಾಜಣ್ಣ ಎತ್ತಲಿಲ್ಲ.

ನದಿಯ ದಡ

ಲ್ಯಾಬಿನಿಂದ ಹೊರಬಂದು ನದಿಯ ದಂಡೆಯಲ್ಲಿ ನಡೆದೆವು. ನದಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಯಾರೋ ನಡೆದು ಹೋದ ಹೆಜ್ಜೆಗಳು, ಅವುಗಳ ಮೇಲೆ ಹೊಸ ಹಿಮ. ಹೆಬ್ಬಾಳ ಕೆರೆಯ ಮೇಲೆ ಹೀಗೆ ನಡೆದುಹೋಗುವಂತಿದ್ದರೆ ಎಂದು ಮನಸ್ಸು ಅಲ್ಲೂ ಅಲೆಯಿತು. ಫ್ಲೈಓವರಿನ ಕೆಳಗಿಂದ ಕೆರೆಗೆ ಇಳಿದು, ನೀರುಹಕ್ಕಿಗಳ ನಡುವೆ ಹಾದು, ಆ ದಡದಲ್ಲಿ ಏರಿದರೆ ಟ್ರಾಫಿಕ್ಕಿನ ಗೋಜೇ ಇಲ್ಲ. ಪಕ್ಕದಲ್ಲಿ ಮುನಿರಾಜಣ್ಣ ಬಾಯಿಂದ ಹೊಗೆ ಬಿಡುತ್ತಾ ಬರುತ್ತಿದ್ದರು. ಅವರ ಕಣ್ಣಲ್ಲಿದ್ದ ನೀರು ಚಳಿಯದಲ್ಲ ಎಂದು ನನಗೆ ತಿಳಿಯುತ್ತಿತ್ತು. ನನಗೂ ಸಂಕಟವಾಗುತ್ತಿತ್ತು, ಆ ಉಕ್ಕು ಒಳ್ಳೆಯದೆಂದು ಗೊತ್ತಿದ್ದೂ ತೋರಿಸಲಾಗದ ಸಂಕಟ.

ಅಷ್ಟರಲ್ಲಿ ಅವರು ನಿಂತರು. ಒಂದು ಪಿನ್ನೇ ಇದ್ದರೆ ಅದರಿಂದ ಮಾದರಿ ಕತ್ತರಿಸಬಹುದಾ ಎಂದು ಕೇಳಿದರು. ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ ಎಂದೆ.

“ಸೂಟ್‌ಕೇಸಲ್ಲಿ ಐತೆ ಮೇಡಂ,” ಎಂದರು.

ಉಪ್ಪಿನಕಾಯಿಯನ್ನೂ ರಾಗಿ ಹಿಟ್ಟನ್ನೂ ಹೊರಗೆ ಹಾಕಿಸಿದ ಆ ಭಾರದ ಬಟ್ಟೆ ಅದು. ಈ ಕೆಲಸದಲ್ಲಿ ಸುತ್ತಿಗೆಯಿಂದ ಮೊದಲು ಹೊರಬಂದ ಪಿನ್ನು. ಕೋಣೆಯಲ್ಲಿ ಟವೆಲ್ ಬಿಚ್ಚಿ ತೋರಿಸಿದರು. ಮಣಿಕಟ್ಟಿನಷ್ಟು ದಪ್ಪ, ಮೈತುಂಬ ಹೊಳಪು, ಒಂದು ತುದಿಯಲ್ಲಿ ಉಕ್ಕಿನ ಬ್ಯಾಚಿನ ಗುರುತು ಒತ್ತಿದೆ, ಇನ್ನೊಂದು ತುದಿಯಲ್ಲಿ ಕುಂಕುಮ. ಪರೀಕ್ಷೆ ಮುಗಿದ ಮೇಲೆ ದೋಣಿ ನಡೆಸುವವರನ್ನು ಹುಡುಕಿ, ತಮ್ಮ ಕೈಯಾರೆ ಅವರ ಕೈಗೆ ಕೊಡಬೇಕು ಎಂದು ತಂದಿದ್ದರು. ನನಗೆ ಹೇಳಿದರೆ ನಗುತ್ತೇನೆಂದು ಮುಚ್ಚಿಟ್ಟಿದ್ದರಂತೆ.

ಇದನ್ನು ಕತ್ತರಿಸಿದರೆ ಅದು ಇನ್ನು ಯಾವ ದೋಣಿಗೂ ಹೋಗುವುದಿಲ್ಲ. ಇದು ಸೋತರೆ ಉಳಿದ ಪಿನ್ನುಗಳೂ ಸೋತ ಹಾಗೆ, ನೆಪ ಹೇಳಲು ಏನೂ ಉಳಿಯುವುದಿಲ್ಲ. ಎರಡನ್ನೂ ಅವರಿಗೆ ಹೇಳಿದೆ. ಅವರು ಟವೆಲಿನ ತುದಿಯಿಂದ ಪಿನ್ನನ್ನು ಇನ್ನೊಮ್ಮೆ ಒರೆಸಿದರು, ಅಭ್ಯಾಸ ನೋಡಿ.

“ಕುಯ್ಲಿ ಬುಡಿ ಮೇಡಂ. ಒಳಗೇನೈತೆ ಅಂತ ನಂಗೂ ಗೊತ್ತಾಗ್ಬೇಕು.”

ಮತ್ತೆ ಲ್ಯಾಬು

ಹೆಲ್ಮಿ ಪಿನ್ನಿನ ಗುರುತನ್ನು ತಮ್ಮ ಬಳಿಯಿದ್ದ ಕಾಗದದೊಂದಿಗೆ ತಾಳೆ ನೋಡಿದರು. ಕೊಳ್ಳುವವರಿಗೆ ಫೋನು ಮಾಡಿ ಕೇಳಿದರು. ಅವರು ಒಪ್ಪಿದರೆಂದು ಹೆಲ್ಮಿಯ ಉಸಿರು ಒಳಗೆ ಹೋದದ್ದರಿಂದಲೇ ನಮಗೆ ಗೊತ್ತಾಯಿತು. ಗರಗಸದ ಕೆಳಗೆ ಪಿನ್ನು ಕೂತಾಗ ಮುನಿರಾಜಣ್ಣ ಕಿಟಕಿಯ ಕಡೆ ತಿರುಗಿಕೊಂಡರು. ಕೆಂಪಾದ ಆ ಕುಂಕುಮದ ತುದಿಯನ್ನು ಹೆಲ್ಮಿ ಒರೆಸಲಿಲ್ಲ. ಅದನ್ನು ಬಿಟ್ಟು ಉಳಿದ ಭಾಗದಿಂದ ಮೂರು ತುಂಡು ತೆಗೆಸಿದರು. ಕಚ್ಚು ಕೊರೆಸಿ ಪರದೆಯ ಮೇಲೆ ಹಿಡಿದಾಗ ಅದು ಚೂಪಾದ ಕಣಿವೆಯಾಗಿತ್ತು.

ಮಾರನೆಯ ದಿನ ಮೂರನ್ನೂ ತಣ್ಣನೆಯ ತೊಟ್ಟಿಯಲ್ಲಿ ಮುಳುಗಿಸಿದರು. ನೀರು ಕಲ್ಲಾಗುವ ಚಳಿಗಿಂತ ಎಷ್ಟೋ ಕೆಳಗಿನ ಚಳಿ. ತೊಟ್ಟಿಯಿಂದ ಬಿಳಿ ಹೊಗೆ ಎದ್ದು ಮೇಜಿನಂಚಿನಿಂದ ನಿಧಾನವಾಗಿ ನೆಲಕ್ಕೆ ಸುರಿಯುತ್ತಿತ್ತು. ಅದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಳ್ಳೆಯ ಉಕ್ಕಿಗೂ ಚಳಿಯಲ್ಲಿ ಬುದ್ಧಿ ಕೆಡುತ್ತದೆ. ಯಲಹಂಕದ ಬಿಸಿಲಲ್ಲಿ ಬಾಗಿ ಬಳುಕುವುದು ಇಂಥ ಚಳಿಯಲ್ಲಿ ಗಾಜಿನಂತೆ ಒಡೆಯಬಹುದು. ಹಾಗೆ ಒಡೆದರೆ ಮುರಿದ ಮುಖ ಸಕ್ಕರೆಯ ಹರಳಿನ ಹಾಗೆ ಮಿನುಗುತ್ತದೆ. ಚೆನ್ನಾಗಿ ಕಾದಾಡಿ ಮುರಿದರೆ ಮುಖ ಬೂದಿಬಣ್ಣಕ್ಕೆ ತಿರುಗಿ, ನಾರು ನಾರಾಗಿ, ಮಂಕಾಗಿರುತ್ತದೆ. ಇದನ್ನು ಮುನಿರಾಜಣ್ಣನಿಗೆ ಹೇಳಿದೆ. ಇಡೀ ಜೀವಮಾನ ಹೊಳಪು ಬರಿಸಿದ ಮನುಷ್ಯ ಈಗ ಮಂಕಾಗಲಿ ಎಂದು ಬೇಡಿಕೊಳ್ಳಬೇಕಿತ್ತು.

ಹೆಲ್ಮಿ ಇಕ್ಕಳದಲ್ಲಿ ಮೊದಲ ತುಂಡನ್ನು ಎತ್ತಿ ಸರಕ್ಕನೆ ಯಂತ್ರದಲ್ಲಿ ಕೂರಿಸಿದರು. ಲೋಲಕ ಬಿತ್ತು. ಢಣ್. ಎರಡು ಚೂರು ಬುಟ್ಟಿಗೆ ಹಾರಿದವು. ಮುನಿರಾಜಣ್ಣ ಕಣ್ಣು ಮುಚ್ಚಿಕೊಂಡಿದ್ದರು. ನಾನು ಚೂರೆತ್ತಿ ನೋಡಿದೆ. ಬೂದಿಬಣ್ಣ, ನಡುವೆ ಮಾತ್ರ ಸಾಸಿವೆಯಷ್ಟು ಮಿನುಗು. ಎರಡನೆಯದು ಬಿತ್ತು. ಅದೂ ಮಂಕು.

ಮೂರನೆಯದಕ್ಕೆ ಲೋಲಕ ಬಿದ್ದಾಗ ಸದ್ದೇ ಬೇರೆಯಾಗಿತ್ತು. ಗಟ್ಟಿ ನೆಲಕ್ಕೆ ಹಸಿ ಮಣ್ಣಿನ ಮುದ್ದೆ ಬಿದ್ದಂಥ ಸದ್ದು. ಬುಟ್ಟಿಯಲ್ಲಿ ಇದ್ದದ್ದು ಎರಡು ಚೂರಲ್ಲ, ಒಂದೇ. ಬಾಗಿ ಮಡಿಚಿಕೊಂಡು, ಅರ್ಧಕ್ಕೂ ಹೆಚ್ಚು ಹರಿದು, ಬೆನ್ನಿನ ಹತ್ತಿರ ಒಂದಿಷ್ಟು ನಾರನ್ನು ಬಿಡದೆ ಹಿಡಿದುಕೊಂಡಿತ್ತು.

ಯಂತ್ರದ ಮುಳ್ಳು ತೋರಿಸಿದ ಲೆಕ್ಕವನ್ನು ಹೆಲ್ಮಿ ಬರೆದುಕೊಂಡರು. ಕನ್ನಡಕ ಹಣೆಯಿಂದ ಇಳಿಸಿ ಮೂರನೆಯದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಗ ಅವರು ಉಸಿರನ್ನು ಒಳಕ್ಕೆಳೆದುಕೊಂಡರು.

“ಯೋ.”

ಮುನಿರಾಜಣ್ಣನಿಗೆ ನಾನು ಅರ್ಥ ಹೇಳಬೇಕಾಗಲಿಲ್ಲ.

ಹಳದಿ ದೋಣಿ

ಚೂರುಗಳು ಲ್ಯಾಬಿನಲ್ಲೇ ಉಳಿಯಬೇಕು, ಅದು ನಿಯಮ. ಕುಂಕುಮದ ತುದಿಯನ್ನು ಮಾತ್ರ ಹೆಲ್ಮಿ ಮುನಿರಾಜಣ್ಣನಿಗೆ ವಾಪಸು ಕೊಟ್ಟರು. ಮರುದಿನ ನಾವು ದ್ವೀಪಗಳ ಕಡೆ ಹೋಗುವ ಹಳದಿ ದೋಣಿ ಹತ್ತಿದೆವು. ರಸ್ತೆ ಸಮುದ್ರದ ಹತ್ತಿರ ಬಂದು ಮುಗಿಯುತ್ತದೆ. ಬಸ್ಸು ಅಷ್ಟೇ ಸಹಜವಾಗಿ ದೋಣಿಯ ಮೇಲೆ ಹತ್ತಿ ನಿಲ್ಲುತ್ತದೆ. ಟಿಕೆಟ್ ಕೇಳುವವರಿಲ್ಲ, ಕೂಗಿ ಕರೆಯುವವರೂ ಇಲ್ಲ. ದೋಣಿ ಮಂಜುಗಡ್ಡೆಯನ್ನು ಕರಕರನೆ ಒಡೆಯುತ್ತಾ ಸಾಗಿತು. ಸುತ್ತ ಬಿಳಿ, ಮೇಲೆ ಬಿಳಿ, ನಡುವೆ ನಮ್ಮ ಹಳದಿ. ಹಿಂದೆ ನಾವು ಒಡೆದ ದಾರಿ ಮತ್ತೆ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಒಂದು ಪುಟ್ಟ ಹುಡುಗಿ ಕಿಟಕಿಯ ಗಾಜಿಗೆ ಮೂಗು ಒತ್ತಿ ನಿದ್ದೆ ಹೋಗಿದ್ದಳು. ನಾನೂ ಅವಳಂತೆಯೇ ಇದ್ದೆ, ಕಣ್ಣು ಮಾತ್ರ ತೆರೆದಿತ್ತು.

ಮುನಿರಾಜಣ್ಣ ಮುಂದೆ ಹೋಗಿ, ಹಲಗೆಯ ಕೀಲಿನಲ್ಲಿದ್ದ ಹಳೆಯ ಪಿನ್ನುಗಳನ್ನು ಬಗ್ಗಿ ನೋಡುತ್ತಾ ನಿಂತಿದ್ದರು. ತುಕ್ಕು ಹಿಡಿದು ಗ್ರೀಸು ಮೆತ್ತಿಕೊಂಡಿದ್ದವು. ಹೊಳಪಿನ ಲವಲೇಶವೂ ಇರಲಿಲ್ಲ. ದೋಣಿ ನಡೆಸುವವರಲ್ಲೊಬ್ಬ ಇವರ ಕುತೂಹಲ ನೋಡಿ ಕೆಳಗಿಳಿದು ಬಂದ. ಮುನಿರಾಜಣ್ಣ ಕೋಟಿನ ಜೇಬಿನಿಂದ ಆ ಕುಂಕುಮದ ತುದಿ ತೆಗೆದು, ಅವನ ಕೈಗವಸಿನ ಮೇಲಿಟ್ಟು, ಕೀಲಿನ ಕಡೆ ಬೆರಳು ತೋರಿಸಿದರು. ಅವನು ಉಕ್ಕನ್ನೂ ಕೀಲನ್ನೂ ನೋಡಿ, ತುಂಬ ಹೊತ್ತು ತೂಗಿ ನೋಡಿ, ಎದೆಯ ಜೇಬಿಗೆ ಹಾಕಿಕೊಂಡ.

ದಡ ಹತ್ತಿರವಾದಾಗ ಫೋನು ಬಡಿದುಕೊಂಡಿತು. ಆ ನಿಶ್ಶಬ್ದದಲ್ಲಿ ಬ್ಯಾಟರಾಯನಪುರದ ದನಿ ಇಡೀ ದೋಣಿಗೆ ಕೇಳಿಸಿತು.

“ಏನ್ಲಾ, ಫೋನೂ ಎತ್ತಾಕಿಲ್ಲ. ಮುರೀತಾ?”

“ಎರಡು ಮುರಿದ್ವು ಅಣ್ಣಾ,” ಎಂದರು ಮುನಿರಾಜಣ್ಣ. “ಮೂರನೇದು ಬಾಗ್ತು. ಬುಡ್ಲಿಲ್ಲ, ಇಡ್ಕೊಂಡೇ ಇತ್ತು. ಅವ್ರು ಒಪ್ಕೊಂಡ್ರು.”

ಹಲಗೆ ಇಳಿದು ದಡದ ಮಂಜುಗಡ್ಡೆಯ ಮೇಲೆ ಕೂತ ಸದ್ದು ಬಂತು. ಬಸ್ಸಿನ ಇಂಜಿನು ಶುರುವಾಯಿತು. ಆಮೇಲೆ ಕೆಂಪಣ್ಣನವರು ಗಂಟಲು ಸರಿಮಾಡಿಕೊಂಡು ಕೇಳಿದರು:

“ಅಂಗಾರೆ ನಾಳೆ ಕುಲುಮೆ ಅಚ್ಚುಸ್ಲೇನ್ಲಾ?”

ಮುನಿರಾಜಣ್ಣ ಉತ್ತರ ಕೊಡಲು ಬಾಯಿ ತೆರೆದರು. ಹೆಲ್ಮಿಯ ಹಾಗೆಯೇ, ಆ ಚಳಿಯನ್ನೆಲ್ಲ ಎದೆಯೊಳಕ್ಕೆ ಎಳೆದುಕೊಂಡು, ಹ್ಞೂಂ ಎಂದರು.